ಚಿಟ್ಟೆ ಬರೆದ ಸಂಡಾಸು

ಕುಂದಲಹಳ್ಳಿಯಲ್ಲಿ ಹನುಮಂತರಾಯಪ್ಪನವರ ಬಾಡಿಗೆ ಶೆಡ್ಡುಗಳಿರುವ ಜಾಗದಲ್ಲಿ ಬೀಗ ಅಂತ ಇದ್ದದ್ದು ಒಂದಕ್ಕೇ. ಸಂಡಾಸಿಗೆ.

ಶೆಡ್ಡುಗಳಿಗೆ ಬೀಗ ಬೇಕಾಗಿರಲಿಲ್ಲ. ಒಳಗೆ ಕದಿಯುವಂಥದ್ದೇನೂ ಇರಲಿಲ್ಲ. ತಗಡಿನ ಬಾಗಿಲು, ಅದಕ್ಕೊಂದು ತಂತಿ ಸುತ್ತಿದರೆ ಮುಗಿಯಿತು. ಸಂಡಾಸಿನ ಗತ್ತೇ ಬೇರೆ. ಒಳಗೆ ಟೈಲ್ಸು. ನೀಲಿ ಬಣ್ಣದ ಬಾಗಿಲು. ಬಾಗಿಲ ಮೇಲೆ ಆಳೆತ್ತರದ ಚಿಟ್ಟೆ. ಚಿಟ್ಟೆಯ ಹೊಟ್ಟೆಯ ಹತ್ತಿರ ಅಂಗೈಯಗಲದ ಬೀಗ.

ಚಿಟ್ಟೆ ಬರೆದವರು ಡೆನ್ಮಾರ್ಕಿನಿಂದ ಬಂದ ಹುಡುಗ ಹುಡುಗಿಯರು. ಪಾಪ, ಒಳ್ಳೆಯ ಮಕ್ಕಳು. ಬಿಸಿಲಿಗೆ ಟೊಮೆಟೊ ಹಣ್ಣಿನ ಹಾಗೆ ಕೆಂಪಾಗಿ, ಬರಿಗೈಯಲ್ಲಿ ಸಿಮೆಂಟು ಕಲಸಿ, ಅಂಗೈಯೆಲ್ಲ ಬೊಬ್ಬೆ ಮಾಡಿಕೊಂಡು ಗೋಡೆ ಎಬ್ಬಿಸಿದರು. ಹೋಗುವ ದಿನ ಶೆಡ್ಡಿನ ಸಿದ್ದಕ್ಕನನ್ನು ತಬ್ಬಿಕೊಂಡು ಅತ್ತರು. ಸಿದ್ದಕ್ಕ ತನ್ನ ಮಗಳನ್ನು ಗಂಡನ ಮನೆಗೆ ಕಳಿಸುವಾಗಲೂ ಅತ್ತವಳಲ್ಲ. ಆದರೂ ಬಂದವರ ಮರ್ಯಾದೆ ಉಳಿಸಲು ಕಣ್ಣಿಗೆ ಸೆರಗು ಹಚ್ಚಿದಳು. ಅವರ ವ್ಯಾನು ತಿರುವು ದಾಟುತ್ತಿದ್ದಂತೆ, ಅವರನ್ನು ಕರೆತಂದಿದ್ದ ಹೊಸಹೆಜ್ಜೆ ಸಂಸ್ಥೆಯ ವಸಂತ್ ಬಾಗಿಲಿಗೆ ಬೀಗ ಜಡಿದ.

"ಯೂಸ್ ಮಾಡಿದ್ರೆ ಗಲೀಜಾಗುತ್ತೆ ಅಕ್ಕಾ. ನೆಕ್ಸ್ಟ್ ಬ್ಯಾಚ್ ಬಂದು ನೋಡ್ಬೇಕಲ್ವಾ?"

ಮುಂದಿನ ಬ್ಯಾಚು ಬಂದು ನೋಡಿತು. ನೋಡಿ ಸುಮ್ಮನಿರದೆ ಗೋಡೆಗೆ ಸೂರ್ಯಕಾಂತಿ ಬರೆಯಿತು. ಅದರ ಮುಂದಿನವರು ಕಾಮನಬಿಲ್ಲು ಬರೆದರು. ಗೋಡೆ ಸ್ವರ್ಗವಾಯಿತು. ಆ ಸ್ವರ್ಗಕ್ಕೆ ಅಲ್ಲೇ ಇದ್ದವರಿಗೆ ಪ್ರವೇಶವಿಲ್ಲ, ಹೊರಗಿನಿಂದ ಬಂದವರಿಗೆ ಮಾತ್ರ. ಕೀಲಿಕೈ ಹನುಮಂತರಾಯಪ್ಪನವರ ಮನೆಯಲ್ಲಿ ಕಾರಿನ ಕೀಲಿಕೈ ಪಕ್ಕ ತೂಗುತ್ತಿತ್ತು.

ಶೆಡ್ಡಿನ ಹೆಂಗಸರು ತಂಬಿಗೆ ಹಿಡಿದು ಹಿಂದಿನ ಖಾಲಿ ಸೈಟಿಗೆ ಹೋಗುತ್ತಿದ್ದರು. ಈಗ ಅಲ್ಲಿ ಅಪಾರ್ಟ್‌ಮೆಂಟ್ ಏಳಲಿತ್ತು. ಸುತ್ತ ತಗಡು ಹೊಡೆದರು. ಕಂಬಕ್ಕೆ ದೊಡ್ಡ ದೀಪ ಹಾಕಿದರು. ತಗಡಿನ ಪಕ್ಕದ ಓಣಿಯಲ್ಲಿ ಕೂತರೆ ಸೆಕ್ಯುರಿಟಿಯವನು ಟಾರ್ಚು ಬಿಡುತ್ತಿದ್ದ. ಬಿಟ್ಟು ನಗುತ್ತಿದ್ದ.

ಶೆಡ್ಡಿನ ಹುಡುಗಿ ಮಹಾದೇವಿಯ ಅತ್ತಿಗೆ ನೀಲಾಂಬಿಕಾ ತುಂಬು ಬಸುರಿ. ಟಾರ್ಚಿಗೆ ಹೆದರಿ ಅವಳು ನೀರು ಕುಡಿಯುವುದನ್ನೇ ಬಿಟ್ಟಳು. ಒಳಗೆ ಹೋಗದಿದ್ದರೆ ಹೊರಗೆ ಬರುವುದಿಲ್ಲ ಎಂಬುದು ಅವಳ ಲೆಕ್ಕ. ಆದರೆ ಉರಿ ಬಂತು. ಉರಿಯ ಹಿಂದೆ ಚಳಿಜ್ವರ ಬಂತು. ಆಸ್ಪತ್ರೆಯಲ್ಲಿ ಡಾಕ್ಟರಮ್ಮ ಬೈದರು: "ನೀರು ಕುಡೀದಿದ್ರೆ ಮಗು ಉಳಿಯಲ್ಲ ಕಣಮ್ಮಾ. ಚೆನ್ನಾಗಿ ಕುಡಿ. ಬಂದಾಗ ಹೋಗು. ತಡ್ಕೋಬೇಡ."

ನೀಲಾಂಬಿಕಾ ತಲೆಯಾಡಿಸಿದಳು. ಎಲ್ಲಿಗೆ ಹೋಗಬೇಕು ಅಂತ ಡಾಕ್ಟರಮ್ಮ ಹೇಳಲಿಲ್ಲ. ಇವಳು ಕೇಳಲಿಲ್ಲ. ಅವಳು ಗಂಡಸರ ಎದುರು ಇರಲಿ, ಡಾಕ್ಟರಮ್ಮನ ಎದುರೂ ದನಿ ಎತ್ತಿದವಳಲ್ಲ.

ದನಿ ಎತ್ತಲು ಮಹಾದೇವಿ ಇದ್ದಳಲ್ಲ. ಕೊಪ್ಪಳದ ಕಡೆಯಿಂದ ಅವ್ವನ ಕಂಕುಳಲ್ಲಿ ಬಂದು, ವೈಟ್‌ಫೀಲ್ಡಿನ ಮರಳುಗುಡ್ಡೆಗಳ ಮೇಲೆ ಆಡಿ ಬೆಳೆದವಳು. ಮನೆಯಲ್ಲೊಂದು ಭಾಷೆ, ರಸ್ತೆಯಲ್ಲೊಂದು ಭಾಷೆ, ಸಿಟ್ಟು ಬಂದಾಗ ಸಿನಿಮಾ ಭಾಷೆ. ಟೆಕ್ ಪಾರ್ಕಿನಲ್ಲಿ ಹೌಸ್‌ಕೀಪಿಂಗ್ ಕೆಲಸ. ಏಳನೇ ಮಹಡಿಯ ಟಾಯ್ಲೆಟ್ ಅವಳ ಪಾಯಿಂಟು, ಬಿಟ್ಟು ಕದಲಬಾರದ ಜಾಗ. ದಿನವಿಡೀ ಬಗ್ಗಿ ಉಜ್ಜಬೇಕು. ಆಸಿಡ್ಡಿಗೆ ಬೆರಳ ಸಂದಿ ಬಿರಿದು, ಅನ್ನ ಕಲಸಿದರೆ ಖಾರ ಹತ್ತುತ್ತಿತ್ತು. ಉಜ್ಜುವುದು ಏಳನೇ ಮಹಡಿಯದನ್ನು, ತಾನು ಹೋಗಬೇಕಾದದ್ದು ಬೇಸ್‌ಮೆಂಟಿನದಕ್ಕೆ. ಒಮ್ಮೆ ತಡೆಯಲಾರದೆ ಮೇಲಿನದಕ್ಕೇ ಹೋಗಿ ಬಂದಳು. ಸೂಪರ್‌ವೈಸರ್ ಬಾಗಿಲಲ್ಲೇ ನಿಂತಿದ್ದ.

"ಇದು ಸ್ಟಾಫ್‌ಗೆ ಅಂತ ಗೊತ್ತಿಲ್ವಾ?"

"ನಾನ್ಯಾರು ಸಾರ್? ಗೆಸ್ಟ್ ಅಪಿಯರೆನ್ಸಾ?"

ಆ ಡೈಲಾಗಿಗೆ ಅವಳಿಗೆ ಸಿಕ್ಕ ಶಿಳ್ಳೆ ಎಂದರೆ ಅರ್ಧ ದಿನದ ಸಂಬಳ ಕಡಿತ.

ಅತ್ತಿಗೆಯ ಜ್ವರ ಇಳಿಯದಿದ್ದಾಗ ಮಹಾದೇವಿ ಹನುಮಂತರಾಯಪ್ಪನವರ ಮನೆಗೇ ಹೋಗಿ ಕೀಲಿಕೈ ಕೇಳಿದಳು. ಅವರು ಜಗಲಿಯಿಂದ ಏಳಲಿಲ್ಲ.

"ನೀವಿಷ್ಟು ಜನ ಓಗಕ್ಕೆ ಸುರು ಅಚ್ಕಂಡ್ರೆ ಗುಂಡಿ ತುಂಬೋಯ್ತದೆ ಕಣಮ್ಮಿ. ಜಾಗ ಬುಟ್ಟಿರೋದೇ ದೊಡ್ದು. ವಸಂತಪ್ಪನ್ನ ಕೇಳೋಗು."

ವಸಂತನನ್ನು ಕೇಳಿದಳು. ಅವನು ಅತ್ತಿಗೆಯ ವಿಷಯವನ್ನು ಪೂರ್ತಿ ಕೇಳಿಸಿಕೊಳ್ಳದೆ ಬೇರೆಯದೇ ಸುದ್ದಿ ಹೇಳಿದ. ಭಾನುವಾರ ಡಾಕ್ಟರ್ ಶೈಲಶ್ರೀ ಬರುತ್ತಾರೆ. ಸಮಾಜಕಾರ್ಯದ ಪ್ರೊಫೆಸರ್. ಪರದೇಶದ ಸ್ವಯಂಸೇವಕರು ಬಂದು ಹೋದಲ್ಲಿ ಜನರ ಬದುಕು ಎಷ್ಟು ಸುಧಾರಿಸಿತು ಅಂತ ಸಂಶೋಧನೆ ಮಾಡುತ್ತಿದ್ದಾರೆ. ಕಾಲೇಜಿನಲ್ಲಿ ಅವನಿಗೆ ಪಾಠ ಮಾಡಿದವರು.

"ನೀನೇ ಸುತ್ತಾಡ್ಸು ಮಹಾದೇವಿ. ಏನ್ ಕೇಳಿದ್ರೂ ಒಳ್ಳೇದಾಯ್ತು ಅಂದ್ಬಿಡು."

"ಡಾಕ್ಟರಾ? ಅತ್ತಿಗೆನ ಸ್ವಲ್ಪ ನೋಡ್ತಾರಾ?"

"ಆ ಥರ ಡಾಕ್ಟ್ರಲ್ಲಮ್ಮ."

"ಹೋಗ್ಲಿ. ಅವ್ರಿಗೆ ಒಂದ್ಕೆ ಬಂದ್ರೆ?"

ವಸಂತ್ ಗಾಬರಿಯಾದ. "ಛೆ, ಅವ್ರಿಗೆ ಬೀಗ ತೆಗೆಸ್ತೀನಿ. ಗೆಸ್ಟ್ ಅಲ್ವಾ!"

ಮಹಾದೇವಿಯ ತಲೆಯೊಳಗೆ ಯಾರೋ ಕ್ಲ್ಯಾಪ್ ಹೊಡೆದರು. ಕ್ಯಾಮೆರಾ ಓಡತೊಡಗಿತು.

ಭಾನುವಾರ ಶೈಲಶ್ರೀ ಮೆಟ್ರೋ ಇಳಿದು, ಆಟೋ ಹಿಡಿದು ಒಬ್ಬರೇ ಬಂದರು. ಕೈಮಗ್ಗದ ಸೀರೆ, ಹೆಗಲಿಗೆ ಸೆಣಬಿನ ಚೀಲ, ಕೈಯಲ್ಲಿ ಮಾತು ಹಿಡಿಯುವ ಪುಟ್ಟ ಯಂತ್ರ. ಮುಖದಲ್ಲಿ ನಿಜವಾದ ನಗು. ನೆಲದ ಮೇಲೇ ಕೂತರು. ಚಾಪೆ ಹಾಸುವವರೆಗೂ ಕಾಯಲಿಲ್ಲ. ಅವರದೊಂದು ನಿಯಮವಿತ್ತು: ಜನರ ಮನೆಗೆ ಹೋದಾಗ ಕೊಟ್ಟದ್ದನ್ನು ಬೇಡ ಅನ್ನಬಾರದು, ಅಂದರೆ ನಂಬಿಕೆ ಮುರಿಯುತ್ತದೆ. ವಿದ್ಯಾರ್ಥಿಗಳಿಗೆ ಪ್ರತಿ ವರ್ಷ ಇದನ್ನು ಕಂಠಪಾಠ ಮಾಡಿಸುತ್ತಿದ್ದರು.

ಶೆಡ್ಡಿನವರದೂ ಒಂದು ನಿಯಮವಿತ್ತು: ಹೊಸ್ತಿಲು ತುಳಿದವರನ್ನು ಚಾ ಕುಡಿಸದೆ ಕಳಿಸಬಾರದು.

ಎರಡು ಶಾಸ್ತ್ರಗಳು ಎದುರಾಬದುರು ನಿಂತವು. ನಡುವೆ ಮಹಾದೇವಿ ರೆಫ್ರಿಯ ಹಾಗೆ ನಿಂತಳು.

ಮೊದಲನೆಯದು ಸಿದ್ದಕ್ಕನ ಶೆಡ್ಡು. ಸಿದ್ದಕ್ಕ ಕಟ್ಟಡದ ಕೆಲಸದವಳು. ಇಟ್ಟಿಗೆ ಹೊತ್ತು ಹೊತ್ತು ನೆತ್ತಿಯ ಕೂದಲು ಸವೆದಿತ್ತು. ದೊಡ್ಡ ಸ್ಟೀಲ್ ಲೋಟದ ತುಂಬ ಚಾ ಕೊಟ್ಟಳು.

ಶೈಲಶ್ರೀ ಯಂತ್ರ ಚಾಲೂ ಮಾಡಿದರು. "ಅಮ್ಮಾ, ಆ ವಿದೇಶಿ ಮಕ್ಕಳು ಬಂದು ಹೋದ್ಮೇಲೆ ನಿಮ್ಮ ಬದುಕಲ್ಲಿ ಆದ ಬದಲಾವಣೆಗೆ ಐದಕ್ಕೆ ಎಷ್ಟು ಮಾರ್ಕ್ಸ್ ಕೊಡ್ತೀರಿ?"

"ಐದಕ್ಕ ಐದು ಬರ್ಕೊ ಯವ್ವಾ. ನನಗಂತೂ ಸಾಲ್ಯಾಗ ಯಾರೂ ಕೊಡ್ಲಿಲ್ಲ, ಅವರಿಗರ ಸಿಗಲಿ."

"ಅಲ್ಲ, ನಿಜವಾಗ್ಲೂ ಏನನ್ಸುತ್ತೆ?"

"ಚಲೋ ಆತ್ರಿ."

"ಹೇಗೆ ಚಲೋ ಆಯ್ತು?"

"ಭಾಳ ಚಲೋ ಆತ್ರಿ."

ಸಂಸ್ಥೆಯವರು, ಸರ್ವೆಯವರು, ಓಟಿನವರು ಬಂದು ಬಂದು ಶೆಡ್ಡಿನ ಜನ ಪಳಗಿದ್ದರು. ಚಲೋ ಆತು ಅಂದರೆ ಪ್ರಶ್ನೆ ಬೇಗ ಮುಗಿಯುತ್ತದೆ. ಇಲ್ಲ ಅಂದರೆ ಯಾಕೆ ಅಂತ ಕೇಳುತ್ತಾರೆ. ಯಾಕೆ ಅಂತ ಹೇಳಿದರೆ ಬರೆದುಕೊಂಡು ಹೋಗುತ್ತಾರೆ. ಹೋದವರು ಹೋದರು.

"ಚಾ ಮುಗೀತಲ್ಲ, ಬನ್ನಿ ಮೇಡಂ," ಅಂದಳು ಮಹಾದೇವಿ. "ಪಕ್ಕದ್ಮನೆ ಕೃಷ್ಣಮ್ಮ ಕಾಯ್ತಿದಾರೆ."

ಕೃಷ್ಣಮ್ಮನ ಶೆಡ್ಡಿನಲ್ಲಿ ಶುಂಠಿ ಚಾ. ಅದರಾಚೆ ಏಲಕ್ಕಿ ಚಾ. ಅದರಾಚೆ ಬೆಲ್ಲದ ಚಾ. ಪ್ರೊಫೆಸರು ಪ್ರತಿ ಲೋಟವನ್ನೂ ಎರಡು ಕೈಯಲ್ಲಿ ಈಸಿಕೊಂಡು, "ಎಷ್ಟು ಚೆನ್ನಾಗಿದೆ!" ಅಂದು ತಳ ಕಾಣುವವರೆಗೆ ಕುಡಿದರು. ಒಂದೆಡೆ ಲೋಟ ಕೆಳಗಿಡಲು ಹೋದಾಗ ಮಹಾದೇವಿ ಕಿವಿಯಲ್ಲಿ ಉಸುರಿದಳು: "ಅಲ್ಲಿ ಕುಡಿದು ಇಲ್ಲಿ ಬಿಟ್ರೆ ನಮ್ದು ಕೀಳಾಯ್ತಾ ಅಂತ ಬೇಜಾರ್ ಮಾಡ್ಕೋತಾರೆ ಮೇಡಂ."

ಶೈಲಶ್ರೀ ಕುಡಿದರು. ಅವರ ಒಳ್ಳೆಯತನಕ್ಕೆ ತಳವೇ ಇರಲಿಲ್ಲ. ಮಹಾದೇವಿಗೆ ಒಂದು ಗಳಿಗೆ ಪಾಪ ಅನ್ನಿಸಿತು. ಮೂಲೆಯಲ್ಲಿ ಒಣತುಟಿ ಸವರಿಕೊಳ್ಳುತ್ತ ಕೂತಿದ್ದ ಅತ್ತಿಗೆಯ ಮುಖ ನೋಡಿದಳು. ಪಾಪ ಹೊರಟುಹೋಯಿತು.

ಸ್ವಲ್ಪ ಹೊತ್ತಿಗೆ ಪ್ರಶ್ನೆಗಳು ಸಣ್ಣಗಾದವು. ಬೆಳಿಗ್ಗೆ 'ಸಮುದಾಯದ ಸಹಭಾಗಿತ್ವದಲ್ಲಿ ನಿಮ್ಮ ಪಾತ್ರ' ಇತ್ತು. ಈಗ 'ಹೌದಾ? ಸರಿ. ಆಯ್ತಾ?' ಅಷ್ಟಕ್ಕೆ ಬಂತು. ಪ್ರೊಫೆಸರು ಕೂತಲ್ಲಿ ಕೂರದಾದರು. ಕಾಲಿನ ಮೇಲೆ ಕಾಲು, ಆ ಕಾಲಿನ ಮೇಲೆ ಈ ಕಾಲು. ಹಣೆಯ ಮೇಲೆ ಬೆವರು.

"ಮಹಾದೇವಿ, ಇಲ್ಲಿ ವಾಶ್‌ರೂಮ್ ಎಲ್ಲಿದೆಯಮ್ಮಾ?"

"ಇದೆ ಮೇಡಂ. ಫಾರಿನ್‌ದು."

ಚಿಟ್ಟೆಯ ಮುಂದೆ ಕರೆತಂದು ನಿಲ್ಲಿಸಿದಳು. ಬೀಗ ನೋಡಿ ಶೈಲಶ್ರೀ ಮಹಾದೇವಿಯನ್ನು ನೋಡಿದರು. ಬೆಳಗ್ಗಿನಿಂದ ಹೊರಗೆ ಕಾಯುತ್ತಿದ್ದ ವಸಂತ್ ಫೋನು ಕಿವಿಗಿಟ್ಟುಕೊಂಡು ಓಡಿದ. ಹನುಮಂತರಾಯಪ್ಪನವರು ಸ್ನಾನದಲ್ಲಿದ್ದರು. ಸ್ನಾನ ಮುಗಿಸಿ ಪೂಜೆಗೆ ಕೂತರಂತೆ. ಚಿಟ್ಟೆ ಮಾತ್ರ ರೆಕ್ಕೆ ಬಿಚ್ಚಿ ನಗುತ್ತಿತ್ತು.

"ಇನ್ನೂ ಎಷ್ಟೊತ್ತು?" ಶೈಲಶ್ರೀ ಕೇಳಿದರು.

"ತಡ್ಕೊಳ್ಳಿ ಮೇಡಂ. ನಾವು ದಿನಾ ತಡ್ಕೋತೀವಿ."

ಪ್ರೊಫೆಸರು ಅಲುಗಾಡುವುದನ್ನು ನಿಲ್ಲಿಸಿದರು. "ದಿನಾ? ಹಾಗಾದ್ರೆ ನೀವೆಲ್ಲ ಎಲ್ಲಿಗೆ ಹೋಗ್ತೀರಿ?"

"ಬೆಳಗ್ಗಿಂದ ಎಲ್ಲಾನೂ ಕೇಳಿದ್ರಿ. ಇದೊಂದ್ ಯಾವಾಗ ಕೇಳ್ತೀರೋ ಅಂತ ಕಾಯ್ತಿದ್ದೆ."

ಮಹಾದೇವಿ ಹೇಳಿದಳು. ತಗಡು ಹೇಳಿದಳು. ದೀಪ ಹೇಳಿದಳು. ಟಾರ್ಚು ಮತ್ತು ನಗು ಹೇಳಿದಳು. ಅತ್ತಿಗೆಯ ಉರಿ ಹೇಳಿದಳು. ಅಲಂಕಾರವಿಲ್ಲದೆ, ಡೈಲಾಗಿಲ್ಲದೆ. ಶೈಲಶ್ರೀ ಯಂತ್ರ ಚಾಲೂ ಮಾಡುವುದನ್ನು ಮರೆತರು.

ವಸಂತ್ ಏದುಸಿರು ಬಿಡುತ್ತ ಕೀಲಿಕೈ ತಂದ. ಗುರುಗಳಿಗೆ ಶಿಷ್ಯನ ನಿಧಾನ ಸಹಿಸಲಾಗಲಿಲ್ಲ. ಅವನ ಕೈಯಿಂದ ಕಿತ್ತುಕೊಂಡು, ತಾವೇ ಬೀಗ ತೆಗೆದು, ಆ ಬೀಗವನ್ನು ಕೈಯಲ್ಲೇ ಹಿಡಿದು ಒಳಗೆ ನುಗ್ಗಿದರು.

ಹೊರಗೆ ಬಂದಾಗ ಮುಖ ಹುಣ್ಣಿಮೆಯಾಗಿತ್ತು. ಹಿಂದೆ ಬಾಗಿಲು ಮುಚ್ಚಲಿಲ್ಲ. ಅವರ ಪಕ್ಕದಿಂದ ನೀಲಾಂಬಿಕಾ ಹೊಟ್ಟೆ ಹಿಡಿದುಕೊಂಡು ಒಳಗೆ ಹೋದಳು. ಒಳಗಿನ ಚಿಲಕ ಬಿತ್ತು.

"ಏಯ್, ಏಯ್!" ವಸಂತ್ ಕೂಗಿದ. "ಯಾರದು ಒಳಗೆ ಹೋಗಿದ್ದು?"

"ನಮ್ಮತ್ತಿಗೆ. ಹೀರೋಯಿನ್ನು," ಅಂದಳು ಮಹಾದೇವಿ. "ಎಂಟ್ರಿಗೆ ಇಷ್ಟ್ ದಿನ ಆಯ್ತು, ಏನ್ ಮಾಡದು?"

ಶೆಡ್ಡುಗಳಿಂದ ಹೆಂಗಸರು ಹೊರಬಂದರು. ಬಕೆಟ್ಟು, ತಂಬಿಗೆ, ಹಳೆ ಪೇಂಟಿನ ಡಬ್ಬ, ಕೈಗೆ ಸಿಕ್ಕಿದ್ದನ್ನು ಹಿಡಿದು ಸಾಲು ನಿಂತರು. ಮಹಾದೇವಿ ಸಾಲಿನ ಉದ್ದಕ್ಕೂ ಓಡಾಡುತ್ತ ಕೂಗಿ ಹೇಳಿದಳು:

"ನಮ್ ಕಂಪನಿ ರೂಲ್ಸ್ ಎಲ್ರಿಗೂ ಗೊತ್ತೈತಲ್ಲ? ರಿಲೀವರ್ ಬರೋ ತನಕ ಪಾಯಿಂಟ್ ಬಿಡಂಗಿಲ್ಲ. ಒಬ್ರು ಹೊರಗ ಬರೂಕಿಂತ ಮೊದ್ಲ ಇನ್ನೊಬ್ರು ಒಳಗ ಇರ್ಬೇಕು. ಖಾಲಿ ಬಾಗ್ಲಿಗೆ ಬೀಗ ಹಾಕ್ಬಹುದು. ಮಂದಿ ಇರೋದಕ್ಕ ಹ್ಯಾಂಗ ಹಾಕ್ತಾರ ನೋಡೂಣು."

ಆ ಸಾಲಿನಲ್ಲಿ ಹೌಸ್‌ಕೀಪಿಂಗಿನವರಿದ್ದರು, ಗಾರ್ಮೆಂಟ್ಸಿನವರಿದ್ದರು, ಗೇಟು ಕಾಯುವವರಿದ್ದರು. ರಿಲೀವರು ಅಂದರೆ ಏನು ಅಂತ ಯಾರಿಗೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮಾಲೀಕನ ಮಿಷನ್ನು ಖಾಲಿ ಬಿಡದೆ ಮೈ ಮುರಿದವರು.

ವಸಂತ್ ಗುರುಗಳ ಕಡೆ ತಿರುಗಿದ. "ಮೇಡಂ, ಇದು ಪ್ರೊಸೀಜರ್ ಅಲ್ಲ. ಯೂಸರ್ ಕಮಿಟಿ ಫಾರ್ಮ್ ಆಗ್ದೆ ನಾವು ಹ್ಯಾಂಡ್‌ಓವರ್ ಮಾಡೋಕಾಗಲ್ಲ. ನೀವೇ ಕ್ಲಾಸಲ್ಲಿ ಹೇಳಿದ್ದು ಮೇಡಂ! ಸಮುದಾಯಕ್ಕೆ ಇದು ನಮ್ದು ಅನ್ನೋ ಭಾವನೆ ಬರೋವರೆಗೂ ಏನನ್ನೂ ಕೊಡಬಾರದು ಅಂತ. ಫುಲ್ ನೋಟ್ಸ್ ಬರ್ಕೊಂಡಿದ್ದೀನಿ."

ಆ ಪಾಠ ಶೈಲಶ್ರೀಯವರದೇ. ಚೆನ್ನಾಗಿಯೇ ಮಾಡಿದ್ದರು.

ಅಷ್ಟರಲ್ಲಿ ಹನುಮಂತರಾಯಪ್ಪನವರು ಹಣೆಯ ಕುಂಕುಮ ಒಣಗುವ ಮುಂಚೆ ಬಂದರು. "ಏನ್ರಮ್ಮಿ ಇದು ಜಾತ್ರೆ? ಈಚೆ ಬರ್ರಿ ಎಲ್ಲಾ. ಇಲ್ದಿದ್ರೆ ನಾಳೀಕೇ ಶೆಡ್ ಖಾಲಿ ಮಾಡ್ಬೇಕಾಯ್ತದೆ!"

ಸಿದ್ದಕ್ಕ ಅವರಿಗೆ ಯಾವತ್ತೂ 'ರಿ' ಹಚ್ಚಿ ಮಾತಾಡುತ್ತಿದ್ದವಳು. ಅವತ್ತು ಅದನ್ನು ಕಿತ್ತೊಗೆದಳು.

"ಮಾಡ್ತೀವಿ ತಗಿ. ಎಲ್ಲಾರೂ ಕೂಡೇ ಮಾಡ್ತೀವಿ. ನಾಯಿ ಕಟ್ಕೊ ನಿನ್ನ ತಗಡಿನಾಗ. ಅಡಗಿ ಮಾಡಿ ತಿನ್ನಾಕ ಬಾಡಿಗಿ ತಗೋತಿ. ತಿಂದದ್ದು ಎಲ್ಲೆ ಹೋಗ್ಬೇಕು? ನಿನ್ನ ಜಗಲಿಗೆ ತಂದು ಇಡೂಣೇನು? ಬಸುರಿ ಹೆಂಗಸು ನೀರು ಕುಡೀದ ಒಣಗಾಕ ಹತ್ಯಾಳ. ನೀ ಚಿಟ್ಟಿಗೆ ಕಾವಲ ಕುಂತೀ. ಥೂ!"

ಯಾರೂ ನಗಲಿಲ್ಲ. ಬಾಡಿಗೆದಾರಳೊಬ್ಬಳು ತಮ್ಮನ್ನು ಏಕವಚನದಲ್ಲಿ ಕರೆದದ್ದು ಹನುಮಂತರಾಯಪ್ಪನವರ ಜನ್ಮದಲ್ಲೇ ಮೊದಲು. ಅವರು ವಸಂತನಿಗೆ ಗದರಿದರು. "ನಿಂತ್ಕಂಡು ಏನ್ ನೋಡ್ತೀಯ? ಯಾವಾಗಾದ್ರೂ ಒಬ್ಳು ಈಚೆ ಬರ್ಲೇಬೇಕಲ್ಲ. ಆವಾಗ ಬೀಗ ಆಕು!"

"ಬೀಗ ಮೇಡಂ ಹತ್ರ ಇದೆ ಸಾರ್."

ಎಲ್ಲರೂ ನೋಡಿದರು. ಶೈಲಶ್ರೀಯವರೂ ತಮ್ಮ ಕೈಯನ್ನು ನೋಡಿಕೊಂಡರು. ಬೀಗ ಅಲ್ಲೇ ಇತ್ತು, ಕೀಲಿಕೈ ಸಮೇತ.

"ಕೊಡಿ ಮೇಡಂ," ವಸಂತ್ ಕೈ ಚಾಚಿದ. "ನೀವು ರಿಸರ್ಚರು. ಇದರ ಮಧ್ಯೆ ನೀವ್ಯಾಕೆ?"

"ಹೌದು. ನಾನು ಮಧ್ಯೆ ಬರೋ ಹಾಗಿಲ್ಲ," ಅಂದರು ಶೈಲಶ್ರೀ. ಬೀಗ ಕೊಡಲು ಕೈ ಮುಂದೆ ಹೋಯಿತು. ಹಾಗೇ ನಿಂತಿತು. ಕೊಟ್ಟರೆ ಮಧ್ಯೆ ಬಂದಂತೆ. ಕೊಡದಿದ್ದರೂ ಬಂದಂತೆ. ಇದಕ್ಕೆ ಯಾವ ಪಾಠದಲ್ಲೂ ಉತ್ತರ ಬರೆದಿರಲಿಲ್ಲ. ಮಹಾದೇವಿಯ ಕಡೆ ತಿರುಗಿದರು. "ಅಷ್ಟೊಂದು ಟೀ... ಬೇಕಂತಲೇ ಕುಡಿಸಿದ್ಯಾ?"

"ಹೂಂ ಮೇಡಂ. ಕೀ ಬರೋದು ನಿಮಗೇನೇ, ನಮಗಲ್ಲ. ಸಾರಿ. ಚಾದಲ್ಲಿ ಪ್ರೀತಿ ಇದ್ದಿದ್ದೂ ನಿಜ."

ಪ್ರೊಫೆಸರ ಮುಖ ಕೆಂಪಾಯಿತು. ಮೂಗಿನ ತುದಿ ಅದುರಿತು. ಅಳುತ್ತಾರೆ ಅಂತ ಮಹಾದೇವಿ ಅಂದುಕೊಂಡಳು. ಅವರಿಗೆ ನಗು ಬಂದಿತ್ತು, ನಾಚಿಕೆಯೂ ಬೆರೆತ ನಗು. ಅವರು ಚೀಲ ತೆರೆದು ಬೀಗವನ್ನು ಒಳಗೆ ಹಾಕಿ ಜಿಪ್ ಎಳೆದರು.

"ವಸಂತ್, ಆ ನೋಟ್ಸು ಹರಿದು ಬಿಸಾಕು. ತಪ್ಪು ಪಾಠ ಮಾಡಿದ್ದೀನಿ."

ಅಷ್ಟು ಹೇಳಿ ಆಟೋ ಹುಡುಕುತ್ತ ಹೊರಟರು. ಹೆಂಗಸರು ಶಿಳ್ಳೆ ಹೊಡೆದರು. ಸಿದ್ದಕ್ಕ ಹೊಡೆಯಲಿಲ್ಲ.

"ಆಕಿ ಚಲೋ ಮಾಡಿದ್ಲು. ಖರೆ," ಅಂದಳು. "ಆದ್ರ ಬೀಗಕ್ಕೇನು ಬರಗಾಲ ಬಂದೈತೇನು? ಈ ಮನಷ್ಯಾ ಬೇರೆ ತರ್ತಾನ."

ಅವಳು ಹೇಳಿದ್ದು ಸರಿಯಾಗಿತ್ತು. ಹನುಮಂತರಾಯಪ್ಪನವರು ನಾಳೆ ಬೀಗದ ಅಂಗಡಿ ತೆರೆಯಲಿ ಎಂದು ಗೊಣಗುತ್ತ ಹೋದರು. ಹೋಗುವಾಗ ಬೋರಿನ ಮೋಟಾರ್ ಆರಿಸಿದರು. ಸಂಡಾಸಿನ ನಲ್ಲಿ ಒಣಗಿತು. ಹೆಂಗಸರು ಬೀದಿಯ ಟ್ಯಾಂಕಿನಿಂದ ಕೊಡ ಹೊತ್ತು ತಂದು ಬಾಗಿಲಲ್ಲಿ ಸಾಲಾಗಿ ಇಟ್ಟರು. ಒಬ್ಬರು ಒಳಗೆ, ಒಬ್ಬರು ಹೊಸ್ತಿಲಲ್ಲಿ. ಪಾಯಿಂಟು ಖಾಲಿ ಬೀಳಲಿಲ್ಲ. ಆದರೆ ನಾಳೆ ಸೋಮವಾರ. ಎಲ್ಲರೂ ಕೆಲಸಕ್ಕೆ ಹೋಗಬೇಕು. ಬಸುರಿ ಒಬ್ಬಳೇ ಎಷ್ಟು ಹೊತ್ತು ಕಾದಾಳು?

ಸಿದ್ದಕ್ಕ ಶೆಡ್ಡಿಗೆ ಹೋಗಿ ಉಳಿ, ಸುತ್ತಿಗೆ ತಂದಳು. ಬಾಗಿಲ ಹೊರಗಿನ ಚಿಲಕದ ಮೇಲೆ ಉಳಿ ಇಟ್ಟಳು. ಮಹಾದೇವಿ ಚಿಲಕವನ್ನು ಬಿಗಿಯಾಗಿ ಹಿಡಿದಳು. ಬಿರಿದ ಬೆರಳ ಸಂದಿಗೆ ತುಕ್ಕು ಹೊಕ್ಕು ಉರಿಯಿತು. ಬಿಡಲಿಲ್ಲ. ಏಟಿಗೊಮ್ಮೆ ಚಿಟ್ಟೆ ಅದುರಿತು, ಬಣ್ಣ ಚಕ್ಕೆ ಚಕ್ಕೆಯಾಗಿ ಉದುರಿತು.

"ಒಳಗಿಂದೂ ಕೀಳ್ಬೇಕೇನು ದೊಡ್ಡವ್ವಾ?" ಕೃಷ್ಣಮ್ಮ ಕೇಳಿದಳು.

"ಒಳಗಿಂದು ನಮ್ಮದು. ಹೊರಗಿಂದು ಅವನದು. ಅವನದಷ್ಟ ಕೀಳೂಣು."

ಚಿಲಕ ನೆಲಕ್ಕೆ ಬಿತ್ತು. ಗುಜರಿಯವನಿಗೆ ಕೊಡೋಣ ಅಂದರು ಯಾರೋ. ಸಿದ್ದಕ್ಕ ಅದನ್ನು ಎತ್ತಿ ತಗಡಿನಾಚೆ, ಅಪಾರ್ಟ್‌ಮೆಂಟಿನ ದೀಪದ ಕೆಳಕ್ಕೆ ಎಸೆದಳು.

ಸೋಮವಾರ ಬೆಳಿಗ್ಗೆ ಮಹಾದೇವಿ ಕೊರಳಿಗೆ ಕಾರ್ಡು ಹಾಕಿಕೊಂಡು ವ್ಯಾನಿಗೆ ಹೊರಟಿದ್ದಳು. ಹನುಮಂತರಾಯಪ್ಪನವರು ಎದುರಾದರು. ಕೈಯಲ್ಲಿ ಹೊಚ್ಚ ಹೊಸ ಹಿತ್ತಾಳೆ ಬೀಗ. ಕಾಗದವನ್ನೂ ಬಿಚ್ಚಿರಲಿಲ್ಲ. ಅವರು ಬಾಗಿಲ ಮುಂದೆ ನಿಂತರು. ಕೈ ಆಡಿಸಿ ಹುಡುಕಿದರು. ಚಿಲಕ ಇರಬೇಕಾದಲ್ಲಿ ತೂತುಗಳಿದ್ದವು. ಬೀಗವನ್ನು ಹೀಗೆ ತಿರುಗಿಸಿ, ಹಾಗೆ ತಿರುಗಿಸಿ ನೋಡಿದರು. ಅದನ್ನು ಜಗತ್ತಿನಲ್ಲಿ ಎಲ್ಲಿ ಬೇಕಾದರೂ ಹಾಕಬಹುದಿತ್ತು, ಇಲ್ಲಿ ಬಿಟ್ಟು.

ಮಹಾದೇವಿಯ ನಾಲಿಗೆ ತುದಿಯವರೆಗೆ ಒಂದು ಡೈಲಾಗ್ ಬಂದಿತ್ತು. ಅಷ್ಟರಲ್ಲಿ ಅವರು ಸಿಟ್ಟಿಗೆ ಬಾಗಿಲನ್ನು ಧಡಧಡ ಬಡಿದರು.

ಒಳಗಿನಿಂದ ನೀಲಾಂಬಿಕಾಳ ದನಿ ಬಂತು. ದೊಡ್ಡದಾಗಿ, ಅವಸರವಿಲ್ಲದೆ:

"ಮಂದಿ ಅದೀವ್ರಿ ಒಳಗ. ನಿಂದರ‍್ರಿ ಸ್ವಲ್ಪ!"